ತಕ್ಕಡಿಗೆ ಹತ್ತದ ತುತ್ತು

ನವೆಂಬರ್ 12

ತಮ್ಮನಿಗೆ,

ಮೂರು ವಾರದ ಹಿಂದೆ ನಿನ್ನ ಹೆಂಡತಿ ನಮ್ಮ ಕ್ಯಾಂಟೀನಿಗೇ ಬಂದಿದ್ದಳು. ಹನ್ನೊಂದು ವರ್ಷದ ನಂತರ ನಿಮ್ಮ ಮನೆಯ ಮುಖವೊಂದನ್ನು ನೋಡಿದೆ. ಮಧ್ಯಾಹ್ನದ ಪಾಳಿಗೆ ಬಡಿಸುವ ಹೊತ್ತು, ಕಾರ್ಖಾನೆಯ ಮುನ್ನೂರು ಜನ ತಟ್ಟೆ ಹಿಡಿದು ಸಾಲಿನಲ್ಲಿದ್ದರು. ಅವಳು ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ನಿಂತು, "ಅತ್ತಿಗೆ, ಅವರ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸ್ತಿದೀವಿ. ನನಗೆ ಸಕ್ಕರೆ ಕಾಯಿಲೆ, ನನ್ನದು ಬೇಡ ಅಂದ್ರು," ಎಂದಳು. ಅಷ್ಟು ಹೇಳಿ ಸುಮ್ಮನಾದಳು. ಬುದ್ಧಿವಂತೆ. ಬಾಯಿಬಿಟ್ಟು ಕೇಳಿದ್ದರೆ ಇಲ್ಲ ಎನ್ನುವುದು ನನಗೆ ಸುಲಭವಾಗುತ್ತಿತ್ತು.

ಪರೀಕ್ಷೆಗಳೆಲ್ಲ ಮುಗಿದವು. ರಕ್ತ ಹೊಂದುತ್ತದೆ, ಹೃದಯ ಚೆನ್ನಾಗಿದೆ, ಕಿಡ್ನಿ ಎರಡೂ ಗಟ್ಟಿ. ತೂಕ ಮಾತ್ರ ಹೆಚ್ಚು. ನನ್ನ ಎತ್ತರದವಳು ಎಪ್ಪತ್ತೆಂಟು ಕಿಲೋ ಒಳಗೆ ಬಂದರೆ ಮಾತ್ರ ಕತ್ತಿ ಇಡುತ್ತಾರಂತೆ. ಇಳಿಸುತ್ತೇನೆ ಎಂದು ಒಪ್ಪಿ ಬಂದಿದ್ದೇನೆ.

ಎರಡು ಷರತ್ತು. ಫೋನ್ ಮಾಡಬೇಡ, ನಿನ್ನ ದನಿ ಕೇಳಿದರೆ ನನಗೆ ಆ ದಿನದ ದನಿಯೇ ಕೇಳಿಸುತ್ತದೆ. ಹೇಳುವುದಿದ್ದರೆ ಬರೆ. ಇನ್ನೊಂದು, ನನ್ನ ತೂಕ ಎಷ್ಟು ಎಂದು ಎಂದೂ ಕೇಳಬೇಡ. ಎಷ್ಟು ಇಳಿಯಿತು ಎಂದು ಬರೆಯುತ್ತೇನೆ, ಎಷ್ಟಿದೆ ಎಂದು ಬರೆಯುವುದಿಲ್ಲ.

ಯಾಕೆ ಎಂದು ಮರೆತಿದ್ದರೆ ನೆನಪಿಸುತ್ತೇನೆ. ನಿನಗೆ ಇನ್ಸ್‌ಪೆಕ್ಟರ್ ಹುದ್ದೆಗೆ ಬಡ್ತಿ ಬಂದ ವಾರ. ನಿಮ್ಮ ತೂಕ-ಅಳತೆ ಕಚೇರಿಯ ಹದಿನೆಂಟು ಜನರಿಗೂ ನಾನೇ ಅಡುಗೆ ಮಾಡಿ, ಎರಡು ಬಸ್ಸು ಬದಲಾಯಿಸಿ, ಡಬ್ಬಿಗಳನ್ನು ಹೊತ್ತು ತಂದಿದ್ದೆ. ಅವತ್ತೇ ಗೋಣಿಚೀಲ ತೂಗುವ ಹೊಸ ಯಂತ್ರ ಬಂದಿತ್ತು. "ಅಕ್ಕಾ, ಸ್ವಲ್ಪ ಹತ್ತು, ಸರಿ ಇದೆಯಾ ನೋಡೋಣ," ಎಂದೆ ನೀನು. ಹತ್ತಿದೆ. "ಎಂಬತ್ತೊಂಬತ್ತು ಕಿಲೋ ಏಳುನೂರು ಗ್ರಾಂ! ಬರೆದುಕೊಳ್ರಪ್ಪಾ, ಸೀಲ್ ಒತ್ತಿ ಕಳಿಸೋಣ," ಎಂದು ನೀನು ಕೂಗಿದೆ. ಬಾಯಲ್ಲಿ ನನ್ನ ಅಡುಗೆ ಇಟ್ಟುಕೊಂಡೇ ಹದಿನೆಂಟು ಜನ ನಕ್ಕರು.

ಅಕ್ಕ

~

ನವೆಂಬರ್ 25

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದವನ್ನು ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ಓದಿದೆ. ಎಡಗೈಗೆ ಕೊಳವೆ ಚುಚ್ಚಿರುತ್ತಾರೆ, ಅಲುಗಾಡಿಸುವಂತಿಲ್ಲ. ಬಲಗೈಯಲ್ಲೇ ಹಾಳೆ ಮಗುಚಿದೆ. ನಾಲ್ಕು ತಾಸು ಅಲ್ಲಿಂದ ಏಳುವಂತಿಲ್ಲ. ನಾಲ್ಕು ಸಲ ಓದಿದೆ.

ನೀನು ಒಪ್ಪಿದ್ದಕ್ಕೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಕಡತಕ್ಕೆ ಟಿಪ್ಪಣಿ ಬರೆದು ರೂಢಿ, ಇಂಥದ್ದು ಬರೆದು ರೂಢಿಯಿಲ್ಲ.

ಆ ದಿನ ನಾನು ತಮಾಷೆಗೆ ಅಂದದ್ದು. ಎಲ್ಲರೂ ನಕ್ಕರು, ನಿಜ. ನೀನೂ ನಕ್ಕೆ ಎಂದು ನನ್ನ ನೆನಪು.

ತೂಕ ಕೇಳುವುದಿಲ್ಲ. ಆದರೆ ಒಂದು ಮಾತು. ಇಪ್ಪತ್ತೆಂಟು ವರ್ಷ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡಿದವನು ನಾನು. ಈಗ ನನ್ನ ಪ್ರಾಣವೇ ಒಂದು ಮುಳ್ಳಿನ ಮೇಲೆ ನಿಂತಿದೆ, ಅದು ಎಲ್ಲಿದೆ ಎಂದು ನೋಡುವ ಹಾಗಿಲ್ಲ. ಶಿಕ್ಷೆ ಕೊಡುವುದು ನಿನಗೆ ಚೆನ್ನಾಗಿ ಗೊತ್ತು.

ತಮ್ಮ

~

ಫೆಬ್ರವರಿ 27

ತಮ್ಮನಿಗೆ,

ಹೌದು, ನಾನೂ ನಕ್ಕೆ. ಯಂತ್ರದ ಮೇಲೆ ನಿಂತವಳು ಬೇರೆ ಏನು ಮಾಡಬೇಕಿತ್ತು? ಡಬ್ಬಿಗಳನ್ನು ತೊಳೆದು ವಾಪಸು ಬಸ್ಸು ಹತ್ತುವವರೆಗೂ ನಗುತ್ತಲೇ ಇದ್ದೆ. ಮನೆ ಬೀಗ ತೆಗೆಯುವಾಗ ನಿಂತಿತು.

ವರದಿ ಒಪ್ಪಿಸುತ್ತೇನೆ. ಎಂಟು ಕಿಲೋ ಇಳಿದಿದೆ. ಅದು ಜನವರಿ ಕೊನೆಗೇ ಆದ ಮಾತು. ಆಮೇಲೆ ನಾಲ್ಕು ವಾರದಿಂದ ಒಂದು ಗ್ರಾಂ ಅಲ್ಲಾಡಿಲ್ಲ. ಸೋಮವಾರ ಇನ್ನೂರು ಗ್ರಾಂ ಕೆಳಗೆ, ಗುರುವಾರ ಅದೇ ಇನ್ನೂರು ಗ್ರಾಂ ಮೇಲೆ.

ಆಸ್ಪತ್ರೆಯ ಆಹಾರ ತಜ್ಞೆ ಒಳ್ಳೆಯ ಹುಡುಗಿ. ಮೊದಲು ನನಗೆ ದಿನಕ್ಕೆ ಸಾವಿರದ ಏಳುನೂರು ಕ್ಯಾಲೊರಿ ಎಂದು ಬರೆದುಕೊಟ್ಟಿದ್ದಳು. ಮೊನ್ನೆ ಅದನ್ನು ಸಾವಿರದ ಐನೂರಕ್ಕೆ ಇಳಿಸಿದಳು. ಯಾಕಮ್ಮಾ, ನಾನೇನು ತಪ್ಪು ಮಾಡಿದೆ ಎಂದೆ. "ತಪ್ಪಲ್ಲ ಆಂಟಿ. ಮುನ್ನೂರು ಜನಕ್ಕೆ ಹಾಕೋ ಅಳತೆಯಲ್ಲೇ ಇನ್ನೂರೈವತ್ತು ಜನಕ್ಕೆ ಅಡುಗೆ ಮಾಡಿದ್ರೆ ಉಳಿಯುತ್ತೆ ತಾನೇ? ನಿಮ್ಮ ಮೈ ಚಿಕ್ಕದಾಗಿದೆ, ಅಳತೆ ಹಳೇದೇ ಇದೆ," ಎಂದಳು. ನನ್ನ ಕಸುಬಿನ ಭಾಷೆಯಲ್ಲಿ ನನಗೆ ಅರ್ಥವಾಗುವ ಹಾಗೆ ಹೇಳಿದ ಮೊದಲ ಆಸ್ಪತ್ರೆಯವಳು. ಅಲ್ಲಿ ಗೋಡೆಗೆ ಅಂಟಿಸಿದ ಚೀಟಿಯಲ್ಲಿ "ಮನಸ್ಸು ಗಟ್ಟಿ ಮಾಡಿ, ತೂಕ ತಾನಾಗಿ ಇಳಿಯುತ್ತದೆ" ಎಂದಿದೆ. ಬರೆದವನು ಯಾರೋ, ಜೀವಮಾನದಲ್ಲಿ ಒಂದು ದಿನ ಒಲೆಯ ಮುಂದೆ ಹಸಿದು ನಿಂತವನಲ್ಲ. ಲೈಬ್ರರಿಯಿಂದ ಈ ವಿಷಯದ ಮೂರು ಪುಸ್ತಕ ತಂದು ಓದಿದೆ. ಮೂರನ್ನೂ ಸಣ್ಣಗಿರುವ ಗಂಡಸರೇ ಬರೆದಿದ್ದಾರೆ.

ತಿನ್ನುವುದನ್ನೆಲ್ಲ ತೂಗಿ, ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಒಂದು ಮೊಟ್ಟೆಯನ್ನೂ ಬಿಟ್ಟಿಲ್ಲ.

ಅಕ್ಕ

~

ಮಾರ್ಚ್ 6

ಅಕ್ಕನಿಗೆ,

ನಾಲ್ಕು ವಾರ ಒಂದೇ ಕಡೆ ನಿಲ್ಲುವ ತಕ್ಕಡಿಯನ್ನು ನಾನು ನಂಬುವುದಿಲ್ಲ. ಸ್ನಾನದ ಮನೆಯಲ್ಲಿಡುವ ಆ ಗಾಜಿನ ಹಲಗೆಗಳು ಆಟದ ಸಾಮಾನು. ಹೆಂಡತಿಯ ಕೈಲಿ ಪಾರ್ಸೆಲ್ ಮಾಡಿಸಿದ್ದೇನೆ: ಐದೈದು ಕಿಲೋದ ನಾಲ್ಕು ಕಬ್ಬಿಣದ ಬೊಟ್ಟು, ತೂಕದ ಕಲ್ಲು. ಮುದ್ರೆ ಒತ್ತಿದವು, ನನ್ನ ಸ್ವಂತದವು, ಕಚೇರಿಯವಲ್ಲ. ಸಮನಾದ ನೆಲದ ಮೇಲೆ ಹಲಗೆ ಇಟ್ಟು, ಒಂದೊಂದಾಗಿ ಏರಿಸಿ ನೋಡು. ಇಪ್ಪತ್ತು ತೋರಿಸಬೇಕು.

ತೋರಿಸಿದರೆ ತಪ್ಪು ಹಲಗೆಯದ್ದಲ್ಲ. ಆಗ ನೋಟ್‌ಬುಕ್ ನೋಡಬೇಕಾಗುತ್ತದೆ. ನಿನ್ನನ್ನು ಅನುಮಾನಿಸಿ ಬರೆಯುತ್ತಿಲ್ಲ. ಅಂಗಡಿಯವರೆಲ್ಲ ಪುಸ್ತಕದಲ್ಲಿ ಸರಿಯಾಗಿಯೇ ಬರೆದಿರುತ್ತಾರೆ, ಅದು ನನ್ನ ಅನುಭವ.

ಇಲ್ಲಿ ನನಗೆ ದಿನಕ್ಕೆ ಮೂರು ಲೋಟ ನೀರು, ಅಷ್ಟೇ. ಔಷಧಿ ನುಂಗಲು ಕುಡಿದದ್ದೂ ಅದರಲ್ಲೇ ಸೇರಿತು. ಪಕ್ಕದ ಕುರ್ಚಿಯ ಮೇಷ್ಟ್ರು ಹೋದ ಮಂಗಳವಾರ ಬರಲಿಲ್ಲ. ಗುರುವಾರ ಅವರ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು. ಸಾವಿರದ ಐನೂರು ಎಂದರೆ ಬಹಳವಾಯಿತೇನೋ. ಅರ್ಧ ತಿಂದರೆ ಬೇಗ ಆಗುವುದಿಲ್ಲವೇ? ನೀನು ಮನಸ್ಸು ಮಾಡಿದರೆ ಆಗುತ್ತದೆ. ನನಗೆ ಕಾಯುವಷ್ಟು ಹೊತ್ತು ಇಲ್ಲ ಅಕ್ಕ.

ತಮ್ಮ

~

ಏಪ್ರಿಲ್ 9

ತಮ್ಮನಿಗೆ,

ನಿನ್ನ ಬೊಟ್ಟುಗಳು ಬಂದವು. ಮಹಡಿಗೆ ಹೊತ್ತು ತಂದ ಅಂಚೆಯವನು, "ಏನಮ್ಮಾ, ಕಲ್ಲು ತರಿಸ್ತೀರಾ?" ಎಂದ. ಏರಿಸಿದೆ. ಇಪ್ಪತ್ತು ಕಿಲೋ ಸೊನ್ನೆ ಗ್ರಾಂ ತೋರಿಸಿತು. ನನ್ನ ಹಲಗೆ ನಿನ್ನಷ್ಟೇ ಪ್ರಾಮಾಣಿಕವಾಗಿದೆ.

ನೀನು ಹೇಳಿದಂತೆ ಅರ್ಧವನ್ನೇ ತಿಂದೆ. ಆಹಾರ ತಜ್ಞೆಗೆ ಹೇಳಲಿಲ್ಲ. ಹತ್ತು ದಿನ ಎಂಟುನೂರು ಕ್ಯಾಲೊರಿಗಿಂತ ಮೇಲೆ ಹೋಗಲಿಲ್ಲ. ಹನ್ನೊಂದನೆಯ ದಿನ ದೊಡ್ಡ ಕಡಾಯಿಯಲ್ಲಿ ಬೇಳೆ ತಿರುವುತ್ತಿದ್ದೆ, ಕಣ್ಣು ಕತ್ತಲಿಟ್ಟಿತು. ಬಿದ್ದದ್ದು ನೆನಪಿಲ್ಲ. ಎದ್ದಾಗ ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಎರಡು ವಾರದಿಂದ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದೇನೆ. ಈ ಕಾಗದ ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸಹಿಸಿಕೋ.

ಆ ಹುಡುಗಿ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಉಪವಾಸ ಬಿದ್ದು ಸ್ನಾಯು ಕರಗಿಸಿಕೊಂಡು ಬಂದ್ರೆ ಸರ್ಜನ್ ನಿಮ್ಮನ್ನ ವಾಪಸ್ ಕಳಿಸ್ತಾರೆ. ಯಾರು ಹೇಳಿದ್ದು ನಿಮಗೆ?" ಎಂದಳು. ನಾನೇ ಮಾಡಿದೆ ಎಂದೆ. ಹನ್ನೊಂದು ವರ್ಷದ ಮೇಲೆ ಮೊದಲ ಸಲ ನಿನ್ನ ಪರವಾಗಿ ಸುಳ್ಳು ಹೇಳಿದೆ. ಸುಟ್ಟ ಗಾಯ ಪೂರ್ತಿ ಮಾಯುವವರೆಗೆ ನನ್ನ ಹೆಸರನ್ನು ಪಟ್ಟಿಯಿಂದ ತೆಗೆದಿದ್ದಾರೆ, ಆರು ವಾರ. ನಿನ್ನ ಅವಸರಕ್ಕೆ ಸಿಕ್ಕ ಲಾಭ ಇಷ್ಟು.

ಮನಸ್ಸು ಮಾಡಿದರೆ ಆಗುತ್ತದೆ ಎಂದೆಯಲ್ಲ. ಈ ಮೈ ಎಲ್ಲಿಂದ ಬಂತು ಗೊತ್ತೇ? ಓದುವ ಮಗು ಎಂದು ಅಮ್ಮ ನಿನಗೆ ತಟ್ಟೆ ತುಂಬ ಬಡಿಸುತ್ತಿದ್ದಳು. ನೀನು ಅರ್ಧಕ್ಕೇ "ಸಾಕು" ಎಂದು ಎದ್ದು ಕೈ ತೊಳೆಯುತ್ತಿದ್ದೆ. ಪಾತ್ರೆ ತೊಳೆಯುವ ಪಾಳಿ ನನ್ನದು. "ಚೆಲ್ಲಬೇಡ ಕಣೇ, ಬಾಯಿಗೆ ಹಾಕ್ಕೊಂಡು ತೊಳಿ," ಎನ್ನುತ್ತಿದ್ದಳು ಅಮ್ಮ. ನನ್ನ ಊಟ ಮುಗಿಸಿ, ಹೊಟ್ಟೆ ತುಂಬಿದ ಮೇಲೆ, ನಿನ್ನ ತಟ್ಟೆಯನ್ನು ಖಾಲಿ ಮಾಡುತ್ತಿದ್ದೆ. ಹನ್ನೆರಡು ವರ್ಷ. ನೀನು ಕಚೇರಿಯಲ್ಲಿ ಕೂಗಿ ಹೇಳಿದ ತೂಕದಲ್ಲಿ ನೀನು ಬಿಟ್ಟೆದ್ದ ಅನ್ನವೂ ಇತ್ತು.

ಅಕ್ಕ

~

ಏಪ್ರಿಲ್ 21

ಅಕ್ಕ,

ಕೈ ಈಗ ಹೇಗಿದೆ? ಹೆಂಡತಿ ನಿನ್ನ ಕಾಗದ ಓದಿ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಿದ್ದಳು. "ಸಾಯೋ ಅವಸರದಲ್ಲಿ ಅವರನ್ನೂ ಸಾಯಿಸ್ತೀರಾ?" ಎಂದಳು. ಅರ್ಧ ತಿನ್ನು ಎಂದು ಬರೆದದ್ದು ನನ್ನ ತಪ್ಪು. ತಟ್ಟೆಯ ವಿಷಯ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದೂ ಸುಳ್ಳಿರಬಹುದು. ಬಿಟ್ಟೆದ್ದ ಅನ್ನ ಎಲ್ಲಿಗೆ ಹೋಗುತ್ತದೆ ಎಂದು ನಾನು ಯೋಚಿಸಿದವನೇ ಅಲ್ಲ.

ಅದನ್ನೇ ಯೋಚಿಸುತ್ತಾ ಕುರ್ಚಿಯಲ್ಲಿ ಕೂತಿದ್ದಾಗ ಒಂದು ವಿಷಯ ಹೊಳೆಯಿತು. ಬೈದುಕೊಂಡಾದರೂ ಓದು. ಅಂಗಡಿ ತಪಾಸಣೆಯಲ್ಲಿ ತಕ್ಕಡಿ ಸರಿಯಿದ್ದು, ಪುಸ್ತಕವೂ ಸರಿಯಿದ್ದು, ಸರಕು ಮಾತ್ರ ತಾಳೆಯಾಗದಿದ್ದರೆ ನಾವು ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆವು. ತಕ್ಕಡಿಗೆ ಹತ್ತದೆ ಓಡಾಡುವ ಸರಕು ಏನೋ ಇರುತ್ತದೆ. ಅದು ಕಳ್ಳತನವೇ ಆಗಬೇಕಿಲ್ಲ. ಎಷ್ಟೋ ಸಲ ಅಂಗಡಿಯವನಿಗೇ ತಿಳಿದಿರುವುದಿಲ್ಲ.

ನೀನು ಅಡುಗೆಯವಳು. ಉಪ್ಪು-ಖಾರ ನೋಡಲು ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕುತ್ತೀಯ. ಚಿಕ್ಕಂದಿನಿಂದ ನೋಡಿದ್ದೇನೆ. ಅದನ್ನು ಬರೆಯುತ್ತೀಯಾ?

ಒಂದು ದಿನ ಹೀಗೆ ಮಾಡು. ಅಂಗೈಗೆ ಎಷ್ಟು ಸಲ ಎಷ್ಟೆಷ್ಟು ಹಾಕಿಕೊಳ್ಳುತ್ತೀಯೋ, ಅಷ್ಟಷ್ಟನ್ನೇ ಒಂದು ಡಬ್ಬಿಗೂ ಹಾಕುತ್ತಾ ಹೋಗು. ಖಾಲಿ ಡಬ್ಬಿಯನ್ನು ಮೊದಲೇ ತೂಗಿಟ್ಟುಕೋ. ಸಂಜೆ ತೂಗು.

ತಮ್ಮ

~

ಮೇ 18

ತಮ್ಮನಿಗೆ,

ನಿನ್ನ ಕಾಗದ ಓದಿ ಹರಿದು ಹಾಕಬೇಕು ಎನಿಸಿತು. ಮೂವತ್ತೆರಡು ವರ್ಷ ಅಡುಗೆ ಮಾಡಿದವಳಿಗೆ ರುಚಿ ನೋಡುವುದು ಊಟವಲ್ಲ. ತಟ್ಟೆಗೆ ಬಿದ್ದದ್ದು ಊಟ, ಅಂಗೈಗೆ ಬಿದ್ದದ್ದು ಕೆಲಸ. ಬಡಗಿ ಮರದ ಧೂಳು ಕುಡಿದ ಹಾಗೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು ಎಂದು ನನ್ನ ತಲೆಗೇ ಬಂದಿರಲಿಲ್ಲ. ಆ ಹುಡುಗಿ ಏನೇನು ತಿಂದಿರಿ ಎಂದು ಪ್ರತಿ ವಾರ ಕೇಳುತ್ತಿದ್ದಳು. ನಾನು ಸತ್ಯವನ್ನೇ ಹೇಳುತ್ತಿದ್ದೆ.

ಕೆಲಸಕ್ಕೆ ಮರಳಿದ ಮೊದಲ ದಿನವೇ ಮಾಡಿದೆ. ನಿನಗಾಗಿ ಅಲ್ಲ, ನಿನ್ನ ಮಾತು ಸುಳ್ಳು ಎಂದು ತೋರಿಸಲು. ಆರು ಕಡಾಯಿ, ಒಂದೊಂದಕ್ಕೆ ನಾಲ್ಕೈದು ಸಲ. ಬೇಳೆಗೆ ಒಗ್ಗರಣೆ ಬಿದ್ದ ಮೇಲೆ ಒಮ್ಮೆ, ಬಡಿಸುವ ಮುಂಚೆ ಒಮ್ಮೆ, ಕೊನೆಯ ಪಂಕ್ತಿಗೆ ತಳ ಹತ್ತಿದೆಯಾ ಎಂದು ಒಮ್ಮೆ. ನನ್ನ ಜೊತೆ ಕೆಲಸ ಮಾಡುವ ಮುದುಕಿ, ನಾವೆಲ್ಲ ಅವಳನ್ನು ಗಡಿಯಾರ ಎನ್ನುತ್ತೇವೆ, "ಏನೇ ಇದು, ಡಬ್ಬಿಗೂ ಊಟ ಮಾಡಿಸ್ತಿದೀಯಾ?" ಎಂದು ಕೇಳಿದಳು. ಸಂಜೆ ತೂಗಿದೆ. ಡಬ್ಬಿಯ ತೂಕ ಕಳೆದು ಐನೂರ ಇಪ್ಪತ್ತು ಗ್ರಾಂ.

ಎರಡು ಊಟದ ತಟ್ಟೆಯಷ್ಟು ಆಹಾರವನ್ನು ನಾನು ದಿನವೂ ನಿಂತುಕೊಂಡು, ಅಂಗೈಯಲ್ಲಿ, ತಿಳಿಯದೆ ತಿನ್ನುತ್ತಿದ್ದೆ. ಡಬ್ಬಿಯನ್ನು ನೋಡುತ್ತಾ ತೊಟ್ಟಿಯ ಪಕ್ಕ ಕೂತೆ. ಅಳು ಬರಲಿಲ್ಲ. ಸಿಟ್ಟು ಬಂತು, ನೀನು ಹೇಳಿದ್ದು ನಿಜವಾಯಿತಲ್ಲ ಎಂದು.

ಆ ಹುಡುಗಿ ಲೆಕ್ಕ ಹಾಕಿ ನಾನೂರ ಐವತ್ತು ಕ್ಯಾಲೊರಿ ಎಂದಳು. "ಆಂಟಿ, ನೀವು ಸಾವಿರದ ಐನೂರು ಅಂದ್ಕೊಂಡು ಎರಡು ಸಾವಿರದ ಹತ್ತಿರ ಹೋಗ್ತಿದ್ರಿ. ಮೊದಮೊದಲು ಮೈ ದೊಡ್ಡದಿತ್ತು, ತಡ್ಕೊಂಡು ಇಳೀತು. ಈಗಿನ ಮೈಗೆ ಅದು ಸರಿಸಮ. ಅದಕ್ಕೇ ನಿಂತಿದೆ." ಅಳತೆಯನ್ನು ಮತ್ತೆ ಕಡಿಮೆ ಮಾಡಲಿಲ್ಲ. ಸಾವಿರದ ಐನೂರೇ ಇರಲಿ, ಆದರೆ ರುಚಿ ನೋಡಿದ್ದೂ ಅದರೊಳಗೇ ಬರಲಿ ಎಂದಳು. ಬೆಳಿಗ್ಗೆ ಒಂದು ಮೊಟ್ಟೆ ಹೆಚ್ಚಿಗೆ ಕೊಟ್ಟಳು, ಸಂಜೆ ಅರ್ಧ ಗಂಟೆ ನಡೆಯಲು ಹೇಳಿದಳು.

ಈಗ ನಾನು ರುಚಿ ನೋಡುವುದು ಬಡಿಸುವ ಮುಂಚೆ ಒಂದೇ ಸಲ, ಟೀ ಚಮಚದಲ್ಲಿ. ಉಳಿದದ್ದು ಗಡಿಯಾರದ ಪಾಲು. ಅವಳ ನಾಲಿಗೆಗೆ ಉಪ್ಪೇ ಗೊತ್ತಾಗುವುದಿಲ್ಲ. ಮೊನ್ನೆ ಫಿಟ್ಟರ್ ಒಬ್ಬ ತಟ್ಟೆ ಹಿಡಿದು ಬಂದು, "ಅಕ್ಕೋರೇ, ಸಮುದ್ರದಲ್ಲಿ ಬೇಯಿಸಿದ್ರಾ?" ಎಂದ. ಮೂವತ್ತೆರಡು ವರ್ಷದಲ್ಲಿ ನನ್ನ ಅಡುಗೆಗೆ ಒಂದು ಮಾತು ಬಂದಿರಲಿಲ್ಲ. ನನಗಿದ್ದ ಹೆಸರು ಅದೊಂದೇ. ಅದನ್ನೂ ನಿನಗೆ ಕೊಟ್ಟಾಯಿತು, ಕಿಡ್ನಿಗಿಂತ ಮೊದಲೇ.

ಮುಳ್ಳು ಅಲುಗಾಡಿದೆ. ಏಳುನೂರು ಗ್ರಾಂ ಕೆಳಗೆ.

ಅಕ್ಕ

~

ಜೂನ್ 30

ಅಕ್ಕ,

ನಿನ್ನ ಕಾಗದ ಬಂದು ತಿಂಗಳಾಯಿತು. ನಡುವೆ ಒಂದು ವಾರ ಆಸ್ಪತ್ರೆಯಲ್ಲಿ ಮಲಗಿದ್ದೆ, ಶ್ವಾಸಕೋಶದಲ್ಲಿ ನೀರು. ಈಗ ಪರವಾಗಿಲ್ಲ.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ಡಯಾಲಿಸಿಸ್‌ಗೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ನಮ್ಮನ್ನು ತೂಗುತ್ತಾರೆ. ನರ್ಸು ಅಲ್ಲಿಂದಲೇ ಕೂಗುತ್ತಾಳೆ, ಇನ್ನೊಬ್ಬಳು ಈ ತುದಿಯಲ್ಲಿ ಬರೆದುಕೊಳ್ಳುತ್ತಾಳೆ. ವಾರಕ್ಕೆ ಆರು ಸಲ ನನ್ನ ತೂಕವನ್ನು ಇಪ್ಪತ್ತು ಜನರ ಮುಂದೆ ಕೂಗುತ್ತಾರೆ. ಒಂದೂವರೆ ವರ್ಷ ಕೇಳಿಸಿಕೊಂಡೆ. ನಿನ್ನ ನೆನಪು ಒಂದು ಸಲವೂ ಬಂದಿರಲಿಲ್ಲ. ನಿನ್ನ ಮೊದಲ ಕಾಗದ ಬಂದ ಮೇಲೆ, ಪ್ರತಿ ಸಲವೂ ಬರುತ್ತದೆ.

ಹೋದ ಸೋಮವಾರ ರಜೆ ಮುಂದುವರಿಸುವ ಅರ್ಜಿ ಕೊಡಲು ಕಚೇರಿಗೆ ಹೋಗಿದ್ದೆ. ಆ ಯಂತ್ರ ಇನ್ನೂ ಅಲ್ಲೇ ಇದೆ, ಬಣ್ಣ ಹೋಗಿದೆ. ಅವತ್ತು ನಕ್ಕವರಲ್ಲಿ ಏಳು ಜನ ಇನ್ನೂ ಇದ್ದಾರೆ. ಊಟದ ಹೊತ್ತು. ಅವರ ಮುಂದೆಯೇ ಯಂತ್ರ ಹತ್ತಿದೆ. "ಕೂಗಿ ಹೇಳಪ್ಪಾ," ಎಂದೆ ಜವಾನನಿಗೆ. "ಬೇಡ ಸಾರ್, ಇಳೀರಿ," ಎಂದ. ಹೇಳು ಎಂದು ಗದರಿದೆ. ಐವತ್ತೊಂದು ಕಿಲೋ ಇನ್ನೂರು ಗ್ರಾಂ ಎಂದ, ಮೆಲ್ಲಗೆ. ಅವತ್ತು ನನ್ನ ಅಕ್ಕನನ್ನು ಹೀಗೇ ನಿಲ್ಲಿಸಿ ಕೂಗಿದ್ದೆ, ಅವಳು ತಂದ ಊಟ ಉಣ್ಣುತ್ತಾ ನಾವೆಲ್ಲ ನಕ್ಕಿದ್ದೆವು ಎಂದೆ. ಯಾರೂ ತಲೆಯೆತ್ತಲಿಲ್ಲ. ಒಬ್ಬನು ಡಬ್ಬಿ ಮುಚ್ಚಿ ಎದ್ದು ಹೋದ.

ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ವಾರ ಯೋಚಿಸಿದೆ.

ತಮ್ಮ

~

ಆಗಸ್ಟ್ 22

ತಮ್ಮನಿಗೆ,

ನೀನು ಯಂತ್ರ ಹತ್ತಿದ್ದನ್ನು ಓದಿದೆ. ಲೆಕ್ಕ ಚುಕ್ತಾ ಆಯಿತು ಎಂದು ನಿನಗೆ ಅನಿಸಿರಬಹುದು. ಇಲ್ಲ. ಯಾರೂ ತಲೆಯೆತ್ತಲಿಲ್ಲ ಎಂದು ನೀನೇ ಬರೆದಿದ್ದೀಯ. ಕಾಯಿಲೆಯಿಂದ ಸಣ್ಣಗಾದ ಗಂಡಸನ್ನು ನೋಡಿ ಯಾರೂ ನಗುವುದಿಲ್ಲ, ಕಣ್ಣು ತಗ್ಗಿಸುತ್ತಾರೆ. ನಾನು ನಿಂತ ಜಾಗದಲ್ಲಿ ನೀನು ನಿಲ್ಲಲು ಆಗುವುದಿಲ್ಲ, ಎಷ್ಟು ಸಲ ಹತ್ತಿದರೂ. ಆದರೆ ನೀನು ಹತ್ತಿದೆ. ಅದನ್ನು ಬೇರೆ ಕಡೆ ಬರೆದಿಟ್ಟುಕೊಂಡಿದ್ದೇನೆ.

ನಿನ್ನೆ ಆಸ್ಪತ್ರೆಯ ಸಮಿತಿಯವರು ನನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳಿದರು. ಮೇಜಿನ ಆಚೆ ಮೂವರು. "ಯಾರಾದ್ರೂ ಒತ್ತಾಯ ಮಾಡಿದಾರಾ ಅಮ್ಮಾ? ಈಗಲೂ ಬೇಡ ಅನ್ನಬಹುದು. ಅವರಿಗೆ ನಾವು ಕಾರಣ ಹೇಳಲ್ಲ, ಹೊಂದಲಿಲ್ಲ ಅಂತೀವಿ," ಎಂದರು. ಎಷ್ಟು ಮರ್ಯಾದೆಯ ಬಾಗಿಲು ನೋಡು. ಹನ್ನೊಂದು ವರ್ಷ ನಾನು ಅಂಥ ಒಂದು ಬಾಗಿಲಿಗಾಗಿಯೇ ಕಾದಿದ್ದೆ. ಮುಂದಿಟ್ಟ ಹಾಳೆಯನ್ನು ಎರಡು ಸಲ ಓದಿದೆ. ಅವರು ಅವಸರ ಮಾಡಲಿಲ್ಲ. ಆಮೇಲೆ, "ನನ್ನಿಷ್ಟದಿಂದಲೇ ಕೊಡ್ತಿದೀನಿ," ಎಂದು ರುಜು ಹಾಕಿದೆ. ತಮ್ಮನನ್ನು ಕ್ಷಮಿಸಿದ್ದೀರಾ ಎಂದು ಅವರು ಕೇಳಲಿಲ್ಲ. ಶಸ್ತ್ರಚಿಕಿತ್ಸೆಗೆ ಅದು ಬೇಕಿಲ್ಲವೆಂದು ಕಾಣುತ್ತದೆ.

ಹೊರಗೆ ಬಂದಾಗ ಆಹಾರ ತಜ್ಞೆ ಕಾಯುತ್ತಿದ್ದಳು. ಬಾಗಿಲು ಹಾಕಿ, ಪರದೆ ಎಳೆದು, ನನ್ನೊಬ್ಬಳನ್ನೇ ತೂಗಿದಳು. ಬಾಯಿ ಬಿಟ್ಟು ಹೇಳಲಿಲ್ಲ. ಚೀಟಿಯಲ್ಲಿ ಬರೆದು, ಮಡಿಸಿ ನನ್ನ ಕೈಗೆ ಕೊಟ್ಟಳು. ಅಷ್ಟು ಸಣ್ಣ ವಿಷಯ. ಅದನ್ನು ಮಾಡಲು ಯಾವ ಬಡ್ತಿಯೂ ಬೇಕಿರಲಿಲ್ಲ.

ಮುಂದಿನ ತಿಂಗಳು ಒಂಬತ್ತಕ್ಕೆ ದಿನ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಜ್ವರ ಗಿರ ತಂದುಕೊಳ್ಳಬೇಡ. ನೀರು ಅಳತೆಯಲ್ಲೇ ಕುಡಿ. ನಿನ್ನ ಬೊಟ್ಟುಗಳನ್ನು ನಿನ್ನ ಹೆಂಡತಿ ಬಂದಾಗ ಒಯ್ಯಲಿ, ನನಗೆ ಇನ್ನು ಅವು ಬೇಡ.

ಆ ಚೀಟಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಮಡಿಕೆ ಬಿಚ್ಚಿದರೆ ಎಪ್ಪತ್ತೇಳು ಕಿಲೋ ಒಂಬೈನೂರು ಗ್ರಾಂ ಎಂದು ಇದೆ. ಓದಿಕೋ. ಮನಸ್ಸಿನಲ್ಲೇ ಓದಿಕೋ.

ಅಕ್ಕ